ಮಿದುಳಿನ ಆಂಟೆನಾ ಒಳಗೆಳೆಯೋ ಆಂಟಿಬಾಡಿ

ಚೆನ್ನಾಗಿ ಓಡಾಡ್ಕೊಂಡಿದ್ದ ಹುಡುಗಿ, ಒಂದೆರಡು ದಿನ ಜ್ವರ ತಲೆನೋವು ಅಂದ್ಲು, ಆಮೇಲೆ ನಿದ್ದೆ ಹೋಯ್ತು, ಗೋಡೆಯೊಳಗೆ ಯಾರೋ ಮಾತಾಡ್ತಿದಾರೆ ಅಂತಾಳೆ, ಇನ್ನೊಂದು ವಾರಕ್ಕೆ ಮಾತೇ ನಿಂತು ಬಾಯಿ ಸುಮ್ನೆ ಏನೋ ಅಗಿತಾ ಇರುತ್ತೆ, ಮಧ್ಯೆ ಫಿಟ್ಸು. ಇದು ಆಂಟಿ-ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್ ಅನ್ನೋ ಮಿದುಳಿನ ಉರಿಯೂತ ಇರಬಹುದು. ದೆವ್ವ ಅನ್ನೋರು ಒಂದ್ಕಡೆ, ತಲೆ ಕೆಟ್ಟಿದೆ ಅನ್ನೋರು ಇನ್ನೊಂದ್ಕಡೆ. ಬೆನ್ನುಹುರಿ ನೀರು ತೆಗೆದು ಟೆಸ್ಟ್ ಮಾಡ್ಸಿ ಅನ್ನೋರು ತುಂಬಾ ಕಮ್ಮಿ, ನಂಗೆ ಸಂಕಟ ಆಗೋದು ಅದಕ್ಕೇ.

2007ರಲ್ಲಿ ನರರೋಗ ತಜ್ಞ ಜೋಸೆಪ್ ಡಾಲ್ಮಾವ್ ಮತ್ತು ಜೊತೆಗಾರರು ಇಂಥ 12 ಹೆಣ್ಮಕ್ಕಳ ಬಗ್ಗೆ ಬರೆದ್ರು. ಎಲ್ಲರಲ್ಲೂ ಟೆರಟೋಮಾ ಅನ್ನೋ ಗಡ್ಡೆ, 11 ಜನಕ್ಕೆ ಅಂಡಾಶಯದಲ್ಲಿ. ಈ ಗಡ್ಡೆ ವಿಚಿತ್ರ, ಒಳಗೆ ಕೂದಲು, ಹಲ್ಲು, ನರದ ಅಂಗಾಂಶ ಕೂಡ ಬೆಳೆದಿರುತ್ತೆ. ದೇಹ ಅದರ ಮೇಲೆ ಆಂಟಿಬಾಡಿ (ರೋಗಾಣು ಹಿಡಿಯೋಕೆ ಇರೋ ಪ್ರೋಟೀನು) ತಯಾರಿಸುತ್ತೆ, ಅದು ಹೋಗಿ ಮಿದುಳಿನ ಎನ್‌ಎಂಡಿಎ ರಿಸೆಪ್ಟರ್‌ನ, ಅಂದ್ರೆ ನರಕೋಶದ ಮೇಲೆ ಕೂತು ಸಂದೇಶ ಹಿಡಿಯೋ ಪ್ರೋಟೀನನ್ನ, ಹಿಡ್ಕೊಳ್ಳುತ್ತೆ. (ಗಡ್ಡೆ ಇಲ್ದೇನೂ ಬರುತ್ತೆ, ಗಂಡಸರಿಗೂ ಮಕ್ಕಳಿಗೂ ಬರುತ್ತೆ.)

ಹೇಗೆ ಹಿಡಿಯುತ್ತೆ ಅನ್ನೋದೇ ಸೊಗಸು. ಆಂಟಿಬಾಡಿ ಅಂದ್ರೆ ಕವಲುಕಡ್ಡಿ ಥರ, ಎರಡು ತೋಳು. ಒಂದೊಂದು ತೋಳಲ್ಲಿ ಒಂದೊಂದು ರಿಸೆಪ್ಟರ್ ಹಿಡಿದು ಎರಡನ್ನೂ ಜೋಡಿ ಎತ್ತಿನ ಹಾಗೆ ಕಟ್ಟಿಹಾಕುತ್ತೆ, ಹಂಗೆ ಕಟ್ಟಿದ್ದನ್ನ ನರಕೋಶ ಒಳಗೆ ಎಳ್ಕೊಂಡ್‌ಬಿಡುತ್ತೆ. ನರಕೋಶ ಸಾಯಲ್ಲ. ರೇಡಿಯೋ ಸರಿಯಾಗೇ ಇದೆ, ಆಂಟೆನಾ ಒಳಗೆ ಹೋಗಿದೆ, ಅಂಗಡಿ ಸುಟ್ಟಿಲ್ಲ, ಶಟರ್ ಎಳೆದಿದೆ ಅಷ್ಟೆ. ಕೆಟಮಿನ್ ಅನ್ನೋ ಅರಿವಳಿಕೆ ಮದ್ದು ಅಡ್ಡ ಹಾಕೋದೂ ಇದೇ ರಿಸೆಪ್ಟರ್‌ಗೆ, ಆರೋಗ್ಯವಂತರಿಗೂ ಅದ್ರಿಂದ ಭ್ರಮೆ ಆಗುತ್ತೆ.

ಹುಚ್ಚು ಅಂದ್ಕೊಂಡಿದ್ದಕ್ಕೆ ದೇಹದಲ್ಲೇ ಕಾರಣ ಸಿಕ್ಕಿದ್ದು ಇದು ಮೊದಲನೇ ಸಲ ಏನಲ್ಲ. ಹುಚ್ಚಾಸ್ಪತ್ರೆಗಳಲ್ಲಿ ತುಂಬಿದ್ದ ಒಂದು ಬಗೆಯ ಲಕ್ವ-ಹುಚ್ಚಿನ ರೋಗಿಗಳ ಮಿದುಳಲ್ಲಿ 1913ರಲ್ಲಿ ನೊಗುಚಿ ಮತ್ತು ಮೂರ್ ಸಿಫಿಲಿಸ್ ಬ್ಯಾಕ್ಟೀರಿಯಾ ತೋರಿಸಿದ್ರು, ಮುಂದೆ ಪೆನಿಸಿಲಿನ್ ಬಂದು ಆ ವಾರ್ಡುಗಳೇ ಖಾಲಿಯಾದ್ವು.

ಹಾಗಂತ ಎಲ್ಲಾ ಸ್ಕಿಜೋಫ್ರೇನಿಯಾನೂ ಇದಲ್ಲ, ಯಾರೂ ದಯವಿಟ್ಟು ಮಾತ್ರೆ ನಿಲ್ಲಿಸ್ಬೇಡಿ. ಆದ್ರೆ ಹೊಸದಾಗಿ ಭ್ರಮೆ ಶುರುವಾಗಿ ಜೊತೆಗೆ ಫಿಟ್ಸ್, ವಿಚಿತ್ರ ಚಲನೆ ಇದ್ರೆ ಈ ಟೆಸ್ಟ್ ಬಗ್ಗೆ ಡಾಕ್ಟರನ್ನ ಕೇಳಿ. ಎಂಆರ್‌ಐ ಎಷ್ಟೋ ಸಲ ನಾರ್ಮಲ್ ಬರುತ್ತೆ, ಬರೀ ರಕ್ತ ನೋಡಿದ್ರೆ ಕೆಲವರದ್ದು ತಪ್ಪಿಹೋಗುತ್ತೆ, ಬೆನ್ನುಹುರಿ ನೀರಲ್ಲಿ ಆ ಆಂಟಿಬಾಡಿ ಸಿಗುತ್ತೆ. ಚಿಕಿತ್ಸೆ ಅಂದ್ರೆ ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್, ಪ್ಲಾಸ್ಮಾ ಬದಲಾವಣೆ, ಗಡ್ಡೆ ಇದ್ರೆ ಆಪರೇಷನ್. 2013ರಲ್ಲಿ 577 ರೋಗಿಗಳ ಅಧ್ಯಯನ ಬಂತು, ಎರಡು ವರ್ಷ ಫಾಲೋಅಪ್‌ನಲ್ಲಿದ್ದವರಲ್ಲಿ ಶೇ. 81 ಜನ ತಮ್ಮ ಕೆಲಸ ತಾವೇ ಮಾಡ್ಕೊಳ್ಳೋ ಹಾಗಾಗಿದ್ರು.

ಗುಣವಾದವರನ್ನ ಆ ವಾರಗಳ ಬಗ್ಗೆ ಕೇಳಿದ್ರೆ ಹೆಚ್ಚಿನವರಿಗೆ ಏನೂ ನೆನಪಿರಲ್ಲ. ಹೊಸ ನೆನಪು ಕಟ್ಟೋಕೆ ಬೇಕಾಗಿರೋದೂ ಇದೇ ರಿಸೆಪ್ಟರ್, ಅದು ಆಗ ಒಳಗಿತ್ತಲ್ಲ.