ಹೊಗೆಸೊಪ್ಪಿನ ಹೂವಿಗೆ ಚೀಲ ಕಟ್ಟಲೇಬೇಕಾ?

ಪ್ರಶ್ನೆ: ತರಕಾರಿಗೆ ಅಗ್ನಿಅಸ್ತ್ರ (ಹೊಗೆಸೊಪ್ಪು ಹಾಕಿ ಮನೆಯಲ್ಲೇ ಮಾಡುವ ಕೀಟನಾಶಕ) ಮಾಡೋಣ ಅಂತ ಹಿತ್ತಲಲ್ಲಿ ಎರಡು ತಳಿ ಹೊಗೆಸೊಪ್ಪು ಹಾಕಿದ್ದೇವೆ. ಬೀಜ ಹಿಡಿಯಬೇಕು. ಪಕ್ಕದಲ್ಲೇ ಬದನೆ, ಮೆಣಸಿನ ಗಿಡವೂ ಇದೆ. ಬೆರಕೆ ಆಗದಿರಲು ಹೂವಿಗೆ ಚೀಲ ಕಟ್ಟಬೇಕಂತೆ, ಹೌದಾ? (ಓದುಗರು, ಹಿರಿಯೂರು)

ಉತ್ತರ: ಎರಡೂ ತಳಿ ಒಟ್ಟಿಗೆ ಹೂ ಬಿಡುತ್ತಿದ್ದರೆ ಕಟ್ಟಿ. ಒಂದೇ ತಳಿ ಇದ್ದು, ಅಕ್ಕಪಕ್ಕದ ಹೊಲದಲ್ಲೂ ಬೇರೆ ಹೊಗೆಸೊಪ್ಪು ಇಲ್ಲದಿದ್ದರೆ ಆ ಕೆಲಸವೇ ಬೇಡ.

ಅರಳಲಿರುವ ಒಂದು ಮೊಗ್ಗನ್ನು ಉದ್ದಕ್ಕೆ ಸೀಳಿ ನೋಡಿ. ಕೊಳವೆಯೊಳಗೆ ಐದು ಕೇಸರ, ನಡುವೆ ಹಸಿರು ತುದಿಯ ಒಂದು ಕಡ್ಡಿ. ಎಲ್ಲ ಹತ್ತಿರ ಹತ್ತಿರ ಒಂದೇ ಎತ್ತರ. ಹೂ ಬಾಯಿ ಬಿಡುವ ಹೊತ್ತಿಗೇ ಪರಾಗ ಪಕ್ಕದ ತುದಿಗೆ ತಾಗಿಬಿಡುತ್ತದೆ. ಹಾಗಾಗಿ ಬೀಜದಲ್ಲಿ ಹೆಚ್ಚಿನ ಪಾಲು ಗಿಡದ ಸ್ವಂತದ್ದೇ. ಜೇನು, ಸೂರಕ್ಕಿ, ರಾತ್ರಿ ಪತಂಗ ತರುವ ಚೂರುಪಾರು ಹೊರಗಿನ ಪರಾಗವನ್ನು ತಡೆಯಲಿಕ್ಕಷ್ಟೇ ಚೀಲ.

ಬದನೆ, ಮೆಣಸಿನ ಚಿಂತೆ ಬಿಡಿ. ಒಂದೇ ಕುಟುಂಬದವಾದರೂ ಹೊಗೆಸೊಪ್ಪಿನ ಜೊತೆ ಬೆರಕೆ ಆಗುವುದಿಲ್ಲ. ಗಿಡದಿಂದ ಗಿಡಕ್ಕೆ ದಾಟುವುದು ಮೊಸಾಯಿಕ್ ರೋಗ. ಎಲೆ ಮೇಲೆ ಹಳದಿ-ಹಸಿರು ಮಚ್ಚೆ ಕಂಡ ಗಿಡವನ್ನು ಬೀಜಕ್ಕೆ ಬಿಡಬೇಡಿ. ಹೊಗೆಸೊಪ್ಪು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಮೆಣಸಿನ ಗಿಡಕ್ಕೆ ಹೋಗಿ.

ಬೀಜದ ಗಿಡದ ಕುಡಿ ಚಿವುಟಬಾರದು. ಚೀಲ ಹಾಕುವ ಮುಂಚೆ ಆಗಲೇ ಅರಳಿದ ಹೂ, ಕಟ್ಟಿದ ಕಾಯಿ ಎಲ್ಲ ಕಿತ್ತುಹಾಕಿ. ಅವುಗಳ ಪರಾಗ ಎಲ್ಲಿಂದ ಬಂತೋ ಯಾರಿಗೆ ಗೊತ್ತು? ಬಿರಿಯದ ಮೊಗ್ಗು ಮಾತ್ರ ಇರಲಿ. ಹಳೆ ಪಂಚೆ ಅಥವಾ ವೇಲ್ ಹೊಲಿದರೆ ಸಾಕು. ಮದುವೆ ಮನೆಯಲ್ಲಿ ಕೊಡುವ ಸಣ್ಣ ಕಣ್ಣಿನ ಜಾಲರಿ ತಾಂಬೂಲದ ಚೀಲವೂ ಒಂದು ಕವಲಿಗೆ ಆಗುತ್ತದೆ. ಪ್ಲಾಸ್ಟಿಕ್ ಬೇಡ, ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಗಾಳಿಯಂತ್ರ ನೆಟ್ಟಿರುವ ಜಿಲ್ಲೆ ನಿಮ್ಮದು, ಚೀಲ ಗಾಳಿ ಹಿಡಿದರೆ ಗಿಡವೇ ವಾಲುತ್ತದೆ. ಪಕ್ಕಕ್ಕೊಂದು ಗಟ್ಟಿ ಕೋಲು ನೆಟ್ಟು ಕಟ್ಟಿ.

ಜಾಸ್ತಿ ಜನ ಸೋಲುವುದು ಕಟ್ಟಿದ ಮೇಲೆ. ಮೊದಲೇ ಇಟ್ಟ ಮೊಟ್ಟೆ ಒಡೆದು ಒಳಗೆ ಹುಳ ಬೆಳೆಯುತ್ತದೆ. ಹಕ್ಕಿಯ ಭಯವಿಲ್ಲ, ಊಟ ಪಕ್ಕದಲ್ಲೇ! ಎರಡು-ಮೂರು ದಿನಕ್ಕೊಮ್ಮೆ ಬಿಚ್ಚಿ, ಒಣಗಿದ ಹೂ ಕೊಡವಿ. ಕಾಯಲ್ಲಿ ತೂತು, ಚೀಲದ ತಳದಲ್ಲಿ ಕರಿ ಹಿಕ್ಕೆ ಕಂಡರೆ ಹುಳ ಹುಡುಕಿ ತೆಗೆಯಿರಿ. ಇಬ್ಬನಿ ಆರಿದ ಮೇಲೆ ಈ ಕೆಲಸ ಮಾಡಿ. ಒದ್ದೆ ಎಲೆಯ ನಿಕೋಟಿನ್ ಚರ್ಮದಿಂದಲೇ ಮೈಗೆ ಇಳಿದು ತಲೆಸುತ್ತು, ವಾಂತಿ ತರಿಸುತ್ತದೆ. ಮಕ್ಕಳಿಗಂತೂ ಈ ಕೆಲಸ ಕೊಡಲೇಬೇಡಿ.

ಹತ್ತಿಪ್ಪತ್ತು ಕಾಯಿ ಕಟ್ಟಿದರೆ ಮಿಕ್ಕ ಮೊಗ್ಗು ಚಿವುಟಿ. ಹೂ ಒಂದೂ ಉಳಿದಿಲ್ಲ ಅಂದಾಗ ಚೀಲ ತೆಗೆಯಬಹುದು. ಕಾಯಿ ಕಂದು ತಿರುಗಿದಾಗ, ಬಾಯಿ ಬಿಡುವ ಮುಂಚೆ, ಗೊಂಚಲು ಕತ್ತರಿಸಿ ಕಾಗದದ ಕವರಿನಲ್ಲಿ ತಲೆಕೆಳಗಾಗಿ ನೆರಳಿಗೆ ತೂಗುಹಾಕಿ. ಒಂದು ಕಾಯಲ್ಲೇ ಸಾವಿರಗಟ್ಟಲೆ ಬೀಜ. ಒಂದು ಗ್ರಾಂಗೆ ಸುಮಾರು 10,000 ತೂಗುತ್ತವೆ. ಬಿಡಿಸುವಾಗ ಫ್ಯಾನ್ ಹಾಕಬೇಡಿ. ಚೆನ್ನಾಗಿ ಒಣಗಿಸಿ, ತಳಿ ಹೆಸರು ಬರೆದು ಬಾಟಲಿಗೆ ಹಾಕಿ. ಬಿತ್ತುವಾಗ ಮರಳಲ್ಲಿ ಬೆರೆಸಿ ಮಡಿಯ ಮೇಲೆ ಉದುರಿಸಿ, ಮಣ್ಣು ಮುಚ್ಚಬೇಡಿ. ಬೆಳಕು ಬಿದ್ದರೇನೇ ಇದು ಚೆನ್ನಾಗಿ ಹುಟ್ಟುವುದು.