ಹಂಗೇರಿಗೆ ತಡೆದ ಅನುದಾನ: ಷರತ್ತು ಎಲ್ಲಿ ಬಿಗಿ, ಎಲ್ಲಿ ಸಡಿಲ

ಅನುದಾನದ ಲೆಕ್ಕ ಪರಿಶೋಧಿಸುವಾಗ ಟೆಂಡರ್ ಕಡತ ಕೈಗೆ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ದರಗಳ ತುಲನಾತ್ಮಕ ಪಟ್ಟಿಯ ಮೇಲೆ. ಅದರಲ್ಲಿ ಒಂದೇ ಹೆಸರಿದ್ದರೆ, ಉಳಿದ ಕಾಗದಗಳು ಎಷ್ಟೇ ಅಚ್ಚುಕಟ್ಟಾಗಿರಲಿ, ಟೆಂಡರಿನ ಷರತ್ತುಗಳನ್ನು ಯಾರ ಅಳತೆಗೆ ಹೊಲಿಯಲಾಗಿತ್ತು ಎಂದು ಕೇಳಲೇಬೇಕಾಗುತ್ತದೆ. ನಮ್ಮಲ್ಲಿ ಸಿಂಗಲ್ ಟೆಂಡರ್ ಎಂದು ಕರೆಯುವ ಇಂಥ ಖರೀದಿಗಳ ಪ್ರಮಾಣ ಅಲ್ಲಿ ಹೆಚ್ಚಿದೆ ಎಂಬುದು ಹಂಗೇರಿಯ ವಿರುದ್ಧ ಐರೋಪ್ಯ ಒಕ್ಕೂಟ ಎತ್ತಿದ ಪ್ರಮುಖ ಆಕ್ಷೇಪಗಳಲ್ಲೊಂದು.

ಒಕ್ಕೂಟದ ಬಜೆಟ್ ರಕ್ಷಣೆಗೆಂದು 2021ರ ಜನವರಿ 1ರಿಂದ ಜಾರಿಗೆ ಬಂದ ನಿಯಮಾವಳಿಯು, ಸದಸ್ಯ ರಾಷ್ಟ್ರವೊಂದರಲ್ಲಿ ಕಾನೂನಿನ ಆಳ್ವಿಕೆ ಹದಗೆಟ್ಟಿದೆ ಎಂದಷ್ಟಕ್ಕೇ ಹಣ ತಡೆಯಲು ಬಿಡುವುದಿಲ್ಲ. ಅದರಿಂದ ಒಕ್ಕೂಟದ ಹಣದ ನಿರ್ವಹಣೆಗೆ ಸಾಕಷ್ಟು ನೇರವಾಗಿ ಧಕ್ಕೆಯಾಗುತ್ತಿದೆ ಅಥವಾ ಆಗುವ ಗಂಭೀರ ಅಪಾಯವಿದೆ ಎಂದು ತೋರಿಸಬೇಕು. ಹಂಗೇರಿ ಮತ್ತು ಪೋಲೆಂಡ್ ಹೂಡಿದ್ದ ದಾವೆಗಳನ್ನು ಒಕ್ಕೂಟದ ನ್ಯಾಯಾಲಯ 2022ರ ಫೆಬ್ರುವರಿ 16ರಂದು ವಜಾ ಮಾಡಿದಾಗ ನಿಯಮಾವಳಿಯನ್ನು ಉಳಿಸಿದ್ದು ಮುಖ್ಯವಾಗಿ ಈ ಕೊಂಡಿಯೇ. ಅದೇ ಡಿಸೆಂಬರ್‌ನಲ್ಲಿ ಸದಸ್ಯ ರಾಷ್ಟ್ರಗಳ ಮಂತ್ರಿಗಳ ಪರಿಷತ್ತು ಹಂಗೇರಿಗೆ ಅನುದಾನ ಹರಿಯುವ ಮೂರು ಕಾರ್ಯಕ್ರಮಗಳ ಶೇ 55ರಷ್ಟು, ಅಂದರೆ ಸುಮಾರು 630 ಕೋಟಿ ಯೂರೊ ಮೊತ್ತವನ್ನು ತಡೆಹಿಡಿಯಿತು. ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗ ಕೇಳಿದ್ದು ಶೇ 65. ಹಂಗೇರಿ 17 ಸುಧಾರಣಾ ಕ್ರಮಗಳ ಮಾತು ಕೊಟ್ಟು, ಭ್ರಷ್ಟಾಚಾರ ತಡೆಗೆ ಹೊಸ ಪ್ರಾಧಿಕಾರವನ್ನೂ ಸ್ಥಾಪಿಸಿತ್ತು. ಪ್ರಾಧಿಕಾರಕ್ಕೆ ಫಲಕ ಹಾಕುವುದು ಕಷ್ಟವಲ್ಲ. ಅದರ ಅಧಿಕಾರ, ಆಸ್ತಿ ಘೋಷಣೆಯ ನಿಯಮ, ತನಿಖೆ ಕೈಬಿಟ್ಟಾಗ ನ್ಯಾಯಾಲಯಕ್ಕೆ ಹೋಗುವ ದಾರಿ, ಇವೆಲ್ಲದರಲ್ಲೂ ಕೊರತೆಗಳು ಉಳಿದಿದ್ದವು.

ನನಗೆ ಇರುಸುಮುರುಸಾಗುವುದು ಬೇರೆ ಕಡೆ. ಸರ್ಕಾರಕ್ಕೆ ಬರುವ ಹಣ ನಿಂತರೂ ಅಂತಿಮ ಫಲಾನುಭವಿಗೆ ಕೊಡಬೇಕಾದದ್ದನ್ನು ಸರ್ಕಾರವೇ ಕೊಡಬೇಕೆಂದು ನಿಯಮಾವಳಿ ಹೇಳುತ್ತದೆ. ಆದರೆ ರಾಜಕಾರಣಿಗಳು ಆಡಳಿತ ಮಂಡಳಿಯಲ್ಲಿ ಕೂತಿದ್ದ ಟ್ರಸ್ಟ್‌ಗಳೊಂದಿಗೆ ಹೊಸ ಒಪ್ಪಂದವನ್ನೇ ಪರಿಷತ್ತು ನಿಷೇಧಿಸಿದ್ದರಿಂದ, ಅವು ನಡೆಸುವ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು, ಬೇರೆ ದೇಶಗಳಲ್ಲಿ ಓದಲು ಒಕ್ಕೂಟ ನೆರವು ಕೊಡುವ ಎರಾಸ್ಮಸ್ ವಿನಿಮಯದಿಂದ ಹೊರಗುಳಿದರು. ಒಪ್ಪಂದವೇ ಇಲ್ಲದಿದ್ದರೆ ಬಾಕಿಯೂ ಇಲ್ಲ, ಕೇಳುವ ಹಕ್ಕೂ ಇಲ್ಲ.

ಇತ್ತ 2023ರ ಡಿಸೆಂಬರ್‌ನಲ್ಲಿ, ನ್ಯಾಯಾಂಗ ಸುಧಾರಣೆಯ ಆಧಾರದ ಮೇಲೆ ಬೇರೊಂದು ನಿಯಮದಡಿ ಸುಮಾರು 1,020 ಕೋಟಿ ಯೂರೊವರೆಗಿನ ಹಣಕ್ಕೆ ಆಯೋಗ ದಾರಿ ತೆರೆಯಿತು. ಇದನ್ನು ಪ್ರಶ್ನಿಸಿ ಐರೋಪ್ಯ ಸಂಸತ್ತೇ ನ್ಯಾಯಾಲಯದ ಮೆಟ್ಟಿಲೇರಿತು. ಆದರೆ ಪರಿಷತ್ತು ತಡೆಹಿಡಿದಿದ್ದ ಮೊತ್ತದಲ್ಲಿ ಸುಮಾರು 104 ಕೋಟಿ ಯೂರೊ, ಷರತ್ತು ಪೂರೈಸಲು ಇದ್ದ ಎರಡು ವರ್ಷಗಳ ಗಡುವು ಮುಗಿದು, 2024ರ ಕೊನೆಗೆ ಹಂಗೇರಿಯ ಕೈತಪ್ಪಿಹೋಯಿತು.