ಗಣಿತ ಕಂಡರೆ ಭಯ, ಕೆಮಿಸ್ಟ್ರಿ ಇಷ್ಟ: ಬಿಎಸ್ಸಿಗೆ ಸೇರಬಹುದಾ?

ಪ್ರಶ್ನೆ: ನಾನು ಕುಮಟಾ ಕಡೆಯವಳು. ಪಿಯುಸಿಯಲ್ಲಿ ಪಿಸಿಎಂಬಿ ಓದಿದೆ. ಕೆಮಿಸ್ಟ್ರಿಯಲ್ಲಿ ಒಳ್ಳೆಯ ಅಂಕ ಬಂದಿದೆ, ಗಣಿತದಲ್ಲಿ ಹೇಗೋ ಪಾಸಾದೆ. ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಓದುವ ಆಸೆ. ಗಣಿತ ಬಿಟ್ಟು ಸಿಬಿಜೆಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ) ತೆಗೆದುಕೊಳ್ಳಲಾ? ಮುಂದೆ ತೊಂದರೆ ಆಗುತ್ತದಾ?

ಉತ್ತರ: ಧೈರ್ಯವಾಗಿ ಸೇರಿ. ಆದರೆ ಸಿಬಿಜೆಡ್ ತೆಗೆದುಕೊಂಡರೆ ಗಣಿತದ ಕಾಟ ತಪ್ಪಿತು ಎಂದುಕೊಳ್ಳಬೇಡಿ. ಟೈಮ್‌ಟೇಬಲ್‌ನಿಂದ ಗಣಿತ ಹೋಗುತ್ತದೆ. ಕೆಮಿಸ್ಟ್ರಿಯ ಒಳಗಿರುವ ಗಣಿತ ಅಲ್ಲೇ ಇರುತ್ತದೆ.

ಆ ಗಣಿತ ಎಷ್ಟು, ಎಂಥದ್ದು ಅನ್ನುವುದನ್ನು ಮೊದಲು ನೋಡೋಣ. ಬಹುಪಾಲು ಬರೀ ಮೋಲ್ ಲೆಕ್ಕ, ಅಂದರೆ ವಸ್ತುವನ್ನು ತೂಕದ ಬದಲು ಅದರ ಕಣಗಳ ಸಂಖ್ಯೆಯಿಂದ ಅಳೆಯುವುದು. ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳಲ್ಲಿ ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಅದನ್ನೇ ತೆಗೆದುಕೊಳ್ಳಿ. ಶೇಕಡಾ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ತಕ್ಕಡಿಯಲ್ಲಿ ಎರಡೂ ಸಮ. ಮೋಲ್ ಲೆಕ್ಕದಲ್ಲಿ ಸಮ ಅಲ್ಲವೇ ಅಲ್ಲ. ಮೈಲುತುತ್ತದ ಒಂದು ಮೋಲ್ ಸುಮಾರು 250 ಗ್ರಾಂ ತೂಗುತ್ತದೆ, ಹಾಗಾಗಿ ಒಂದು ಕೆಜಿಯಲ್ಲಿ 4 ಮೋಲ್. ಸುಡುಸುಣ್ಣದ ಒಂದು ಮೋಲ್ 56 ಗ್ರಾಂ, ಒಂದು ಕೆಜಿಯಲ್ಲಿ ಹತ್ತಿರ ಹತ್ತಿರ 18 ಮೋಲ್. ಅಂದರೆ ಸುಣ್ಣ ನಾಲ್ಕು ಪಟ್ಟಿಗಿಂತ ಜಾಸ್ತಿ.

ಇಷ್ಟೊಂದು ಸುಣ್ಣ ಯಾಕೆ? ಮೈಲುತುತ್ತದ ನೀರಿಗೆ ಹುಳಿ ಗುಣ ಇದೆ. ತಾಮ್ರ ಹಾಗೇ ನೀರಿನಲ್ಲಿ ಉಳಿದರೆ ಎಳೆಯ ಕಾಯಿ, ಎಲೆ ಸುಡುತ್ತದೆ. ಅದನ್ನು ಪೂರ್ತಿ ಹಿಡಿದು ಹಾಕುವಷ್ಟು ಸುಣ್ಣ ಬೇಕು. ಪೇಟೆಯಲ್ಲಿ ಸಿಗುವ ಸುಣ್ಣವೂ ಅಪ್ಪಟವಾಗಿ ಇರುವುದಿಲ್ಲ. ಅದಕ್ಕೇ ಉಜ್ಜಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡುವುದು. ಕತ್ತಿಯ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರ ಇನ್ನೂ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಕಬ್ಬಿಣ ಕರಗಿ ತಾಮ್ರವನ್ನು ಹೊರಗೆ ತಳ್ಳಿದೆ. ನಿಮ್ಮ ಪುಸ್ತಕದ ಎಲೆಕ್ಟ್ರೋಕೆಮಿಸ್ಟ್ರಿ ಪಾಠದಲ್ಲಿ ಇರುವುದೂ ಇದೇ. ಈ ಇಡೀ ಲೆಕ್ಕದಲ್ಲಿ ಭಾಗಾಕಾರ ಬಿಟ್ಟರೆ ಬೇರೆ ಗಣಿತ ಇತ್ತಾ?

ಕಷ್ಟ ಕೊಡುವುದು ಫಿಸಿಕಲ್ ಕೆಮಿಸ್ಟ್ರಿ. ಪಿಎಚ್ ಅಂದರೆ ಲಾಗ್. 4 ಇದ್ದ ಪಿಎಚ್ 5 ಆದರೆ ಆಮ್ಲದ ಅಂಶ ಹತ್ತನೇ ಒಂದು ಭಾಗಕ್ಕೆ ಇಳಿದಿದೆ ಎಂದು ತಟ್ಟನೆ ಹೊಳೆಯಬೇಕು. ಕ್ರಿಯೆಯ ವೇಗದ ಪಾಠದಲ್ಲಿ ಇಂಟಿಗ್ರೇಷನ್ ಬರುತ್ತದೆ. ಅರ್ಧಾಯುಷ್ಯದ ಸೂತ್ರದಲ್ಲಿ 0.693 ಎಂದು ಬಾಯಿಪಾಠ ಮಾಡಿರುತ್ತೀರಿ, ಅದು 2ರ ನ್ಯಾಚುರಲ್ ಲಾಗ್ ಎಂದು ಎಷ್ಟೋ ಜನರಿಗೆ ಕೊನೇ ವರ್ಷದವರೆಗೂ ಗೊತ್ತಿರುವುದಿಲ್ಲ. ಥರ್ಮೋಡೈನಮಿಕ್ಸ್, ಕ್ವಾಂಟಮ್ ಪಾಠಗಳಿಗೆ ಬಂದಾಗ ಡಿಫರೆನ್ಸಿಯೇಷನ್ ಬೇಕೇ ಬೇಕು. ಸಿಬಿಜೆಡ್‌ನವರು ಇಂಥ ಜಾಗದಲ್ಲಿ ಹೆಜ್ಜೆಗಳನ್ನು ಸುಮ್ನೆ ಉರು ಹೊಡೆಯುತ್ತಾರೆ. ಪರೀಕ್ಷೆಗೆ ಅದು ಸಾಕಾಗಬಹುದು, ಎಂಎಸ್ಸಿಗೆ ಸಾಲುವುದಿಲ್ಲ.

ಇದಕ್ಕೆಲ್ಲ ಇಡೀ ಗಣಿತ ಬೇಕಿಲ್ಲ. ಲಾಗ್, ಡಿಫರೆನ್ಸಿಯೇಷನ್, ಸುಲಭದ ಇಂಟಿಗ್ರೇಷನ್, ಗ್ರಾಫ್ ಎಳೆದು ಇಳಿಜಾರು ಓದುವುದು: ಮೊದಲ ವರ್ಷಗಳಿಗೆ ಇಷ್ಟು ಬಂದರೆ ನಡೆಯುತ್ತದೆ. ದಯವಿಟ್ಟು ಪಿಯುಸಿ ಗಣಿತದ ಪುಸ್ತಕವನ್ನು ಹಳೇ ಪುಸ್ತಕದ ಅಂಗಡಿಗೆ ಕೊಡಬೇಡಿ.

ಆರ್ಗ್ಯಾನಿಕ್, ಇನಾರ್ಗ್ಯಾನಿಕ್‌ನಲ್ಲಿ ಗಣಿತ ಕಡಿಮೆ. ನೆನಪಿನ ಶಕ್ತಿ ಜಾಸ್ತಿ ಬೇಕು ಅನ್ನುತ್ತಾರೆ, ನಾನು ಪೂರ್ತಿ ಒಪ್ಪುವುದಿಲ್ಲ. ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬಾಣ ಎಳೆಯಲು ಬಂದರೆ ಅರ್ಧ ಬಾಯಿಪಾಠ ತಪ್ಪುತ್ತದೆ.

ಯಾರೂ ಕೇಳದ ಇನ್ನೊಂದು ವಿಷಯ ಲ್ಯಾಬ್. ಕಾರವಾರದ ಸರ್ಕಾರಿ ಕಾಲೇಜು, ಕುಮಟಾದ ಬಾಳಿಗಾ ಕಾಲೇಜು, ಹೊನ್ನಾವರದ ಎಸ್‌ಡಿಎಂ, ಶಿರಸಿಯ ಎಂಎಂ ಕಾಲೇಜು, ಎಲ್ಲವೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಪಠ್ಯ ಒಂದೇ. ಬೇರೆ ಆಗುವುದು ನೀವು ಬ್ಯೂರೆಟ್ (ದ್ರಾವಣವನ್ನು ಹನಿಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆ) ಮುಂದೆ ಎಷ್ಟು ಹೊತ್ತು ನಿಲ್ಲುತ್ತೀರಿ ಅನ್ನುವುದರಲ್ಲಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ತೂಗಿ ನೋಡಿ. ಬಿಳಿ ಕಾಳುಗಳು ನೋಡನೋಡುತ್ತಲೇ ಜಿನುಗುತ್ತವೆ, ತೂಕದ ಅಂಕಿ ಏರುತ್ತಲೇ ಇರುತ್ತದೆ. ಗಾಳಿಯ ತೇವ, ಕಾರ್ಬನ್ ಡೈಆಕ್ಸೈಡ್ ಎರಡನ್ನೂ ಅದು ಎಳೆದುಕೊಳ್ಳುತ್ತದೆ. ಹೀಗಾಗಿ ಅದನ್ನು ತೂಗಿ ಮಾಡಿದ ದ್ರಾವಣವನ್ನು ನಂಬುವ ಹಾಗಿಲ್ಲ. ಆಕ್ಸಾಲಿಕ್ ಆಮ್ಲದ ಹರಳುಗಳನ್ನು ಸರಿಯಾಗಿ ತೂಗಿ ದ್ರಾವಣ ಮಾಡಿ, ಅದರ ಎದುರು ಟೈಟ್ರೇಟ್ ಮಾಡಿ, ಇದರ ಶಕ್ತಿ ಇಷ್ಟು ಎಂದು ಗೊತ್ತುಮಾಡಿಕೊಳ್ಳಬೇಕು. ಪುಸ್ತಕದಲ್ಲಿ ಇದು ಒಂದೇ ಸಾಲು. ಪಕ್ಕದವರ ರೀಡಿಂಗ್ ಕಾಪಿ ಹೊಡೆದವರಿಗೆ ಆ ಸಾಲು ಯಾಕಿದೆ ಎಂದು ಅರ್ಥವೇ ಆಗುವುದಿಲ್ಲ.

ಕೆಲಸದ ಕಡೆ ಬರೋಣ. ಕಾರವಾರದ ಪಕ್ಕದ ಬಿಣಗಾದಲ್ಲಿ ಉಪ್ಪುನೀರಿಗೆ ಕರೆಂಟ್ ಹಾಯಿಸಿ ಕಾಸ್ಟಿಕ್ ಸೋಡಾ, ಕ್ಲೋರಿನ್ ತೆಗೆಯುವ ಕಾರ್ಖಾನೆ ಇದೆ. ದಾಂಡೇಲಿಯಲ್ಲಿ ಪೇಪರ್ ಮಿಲ್. ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ, ಅಲ್ಲಿ ಭಾರಜಲದ ಶುದ್ಧತೆ ನೋಡಿಕೊಳ್ಳುವುದೂ ಕೆಮಿಸ್ಟ್ರಿಯ ಕೆಲಸವೇ. ಗಡಿ ದಾಟಿದರೆ ಗೋವಾದ ಔಷಧ ಕಂಪನಿಗಳು. ಅಲ್ಲಿ ಬಿಎಸ್ಸಿಯವರಿಗೆ ಸಾಮಾನ್ಯವಾಗಿ ಸಿಗುವುದು ಕ್ವಾಲಿಟಿ ಕಂಟ್ರೋಲ್ ಲ್ಯಾಬ್. ಮಾಡಿದ ಪ್ರತಿ ಅಳತೆಯನ್ನೂ ಆಗಲೇ ಬರೆದಿಡುವುದು ಅಲ್ಲಿಯ ದೊಡ್ಡ ಶಿಸ್ತು. ಇಂಥ ಕೆಲಸಕ್ಕೆ ಮೋಲ್ ಲೆಕ್ಕ, ಕೈಚಳಕ ಎರಡೂ ಬೇಕು. ಕ್ಯಾಲ್ಕುಲಸ್ ಅಪರೂಪ.

ಆದರೆ ಕೆಲವು ಕಡೆ ಕಾಂಬಿನೇಷನ್ ನೋಡಿಯೇ ಒಳಗೆ ಬಿಡುತ್ತಾರೆ. ನಮ್ಮ ರಾಜ್ಯದ ಸರ್ಕಾರಿ ಹೈಸ್ಕೂಲುಗಳಲ್ಲಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಶಿಕ್ಷಕರ ಹುದ್ದೆ ಬೇರೆ, ಸಿಬಿಜೆಡ್ ಹುದ್ದೆ ಬೇರೆ. ಐಐಟಿಗಳಲ್ಲಿ ಎಂಎಸ್ಸಿ ಮಾಡಲು ಬರೆಯುವ ಜ್ಯಾಮ್ ಪರೀಕ್ಷೆಯ ಕೆಮಿಸ್ಟ್ರಿ ಪೇಪರ್‌ನಲ್ಲೂ ಡಿಫರೆನ್ಸಿಯಲ್ ಸಮೀಕರಣ, ಮ್ಯಾಟ್ರಿಕ್ಸ್ ಇವೆ. ಪಿಯುಸಿಯಲ್ಲಿ ಗಣಿತ ಓದಿರುವುದು ನಿಮಗೆ ಇಲ್ಲಿ ಉಪಕಾರಕ್ಕೆ ಬರುತ್ತದೆ. ಅತ್ತ ಆಹಾರ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಕಡೆ ಹೋಗುವವರಿಗೆ ಸಿಬಿಜೆಡ್ ಚೆನ್ನಾಗಿ ಹೊಂದುತ್ತದೆ.

2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ 3 ವರ್ಷದ್ದಾಗಿದೆ. ಕೆಮಿಸ್ಟ್ರಿಯ ಜೊತೆ ಇನ್ನೆರಡು ವಿಷಯ ಇದ್ದೇ ಇರುತ್ತವೆ. ನಿಜ ಹೇಳಬೇಕೆಂದರೆ ನಿಮ್ಮ ತೀರ್ಮಾನ ನಿಂತಿರುವುದು ಆ ಎರಡರ ಮೇಲೆ. ಗಿಡ, ಪ್ರಾಣಿಗಳ ಪಾಠ ನಿಮಗೆ ಇಷ್ಟವಾದರೆ ಸಿಬಿಜೆಡ್ ತೆಗೆದುಕೊಳ್ಳಿ, ಗಣಿತವನ್ನು ಬೇಕಾದಷ್ಟೇ ಕೈಯಲ್ಲಿ ಇಟ್ಟುಕೊಳ್ಳಿ. ಬರೀ ಗಣಿತದಿಂದ ತಪ್ಪಿಸಿಕೊಳ್ಳಲು ಹೋದರೆ ಬಾಟನಿ, ಜುವಾಲಜಿ ಎರಡನ್ನೂ ಮನಸ್ಸಿಲ್ಲದ ಮನಸ್ಸಿನಿಂದ ಓದಬೇಕಾಗುತ್ತದೆ, ಅದು ಇನ್ನೂ ಕಷ್ಟ ಅಲ್ವಾ? ಅಡ್ಮಿಷನ್‌ಗೆ ಮುಂಚೆ ಪಿಯುಸಿ ಪುಸ್ತಕದ ಕೆಮಿಕಲ್ ಕೈನೆಟಿಕ್ಸ್ (ಕ್ರಿಯೆಯ ವೇಗದ) ಪಾಠ ತೆಗೆದು, ಉತ್ತರ ನೋಡದೆ ಲೆಕ್ಕಗಳನ್ನು ಮಾಡಿ. ಲಾಗ್ ಪುಸ್ತಕ ಪಕ್ಕದಲ್ಲಿ ಇರಲಿ. ನಿಧಾನವಾಗಿಯಾದರೂ ಬಂದರೆ ಪಿಸಿಎಂ ನಿಮ್ಮ ಕೈಲಿ ಆಗುತ್ತದೆ.